ನೆಟ್ಟಗಿನ ಅಣು, ಬಾಗಿದ ಅಣು

ಕಬ್ಬು ಅರೆಯುವ ಹಂಗಾಮು ಬಂದರೆ ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಎರಡು ಅನಿಲಗಳು ಹೇರಳವಾಗಿ ಹುಟ್ಟುತ್ತವೆ. ಬಾಯ್ಲರಿನಲ್ಲಿ ಕಬ್ಬಿನ ಸಿಪ್ಪೆ ಉರಿದಾಗ ಹುಟ್ಟುವುದು ಇಂಗಾಲದ ಡೈ ಆಕ್ಸೈಡ್. ಕಬ್ಬಿನ ಹಾಲನ್ನು ತಿಳಿಯಾಗಿಸಲು ಗಂಧಕವನ್ನು ಸುಟ್ಟಾಗ ಹುಟ್ಟುವುದು ಗಂಧಕದ ಡೈ ಆಕ್ಸೈಡ್. ಮೊದಲನೆಯದು ಮೂಗಿನ ಮುಂದೆ ಹಾದು ಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ಎರಡನೆಯದರ ಒಂದು ಸುಳಿ ಸಾಕು, ಕಣ್ಣಿನಲ್ಲಿ ನೀರು, ಗಂಟಲಿನಲ್ಲಿ ಕೆಮ್ಮು!

ಪುಸ್ತಕದಲ್ಲಿ ನೋಡಿದರೆ ಇವೆರಡೂ ಅಣ್ಣತಮ್ಮಂದಿರ ಹಾಗಿವೆ. ಒಂದು ಸಿ ಓ ಟು, ಇನ್ನೊಂದು ಎಸ್ ಓ ಟು. ನಡುವೆ ಒಂದು ಪರಮಾಣು, ಅದರ ಜೊತೆಗೆ ಎರಡು ಆಮ್ಲಜನಕ. ಸೂತ್ರ ಒಂದೇ ಬಗೆಯದಾದ ಮೇಲೆ ಆಕಾರವೂ ಒಂದೇ ಇರಬೇಕಲ್ಲವೇ? ಪ್ರಥಮ ಪಿಯುಸಿ ಪರೀಕ್ಷೆಯಲ್ಲಿ ಎಷ್ಟೋ ವಿದ್ಯಾರ್ಥಿಗಳು ಹೀಗೆಯೇ ಯೋಚಿಸಿ ಎರಡಕ್ಕೂ ‘ನೆಟ್ಟಗಿನ ಅಣು’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಇಂಗಾಲದ ಡೈ ಆಕ್ಸೈಡಿನ ಅಣು ನೆಟ್ಟಗಿದೆ, ಸರಿ. ಗಂಧಕದ ಡೈ ಆಕ್ಸೈಡಿನ ಅಣು ಬಾಗಿದೆ. ಒಂದು ಅನಿಲ ಸದ್ದಿಲ್ಲದೆ ಹಾದುಹೋಗುವುದಕ್ಕೂ ಇನ್ನೊಂದು ಕೆಮ್ಮಿಸುವುದಕ್ಕೂ ಈ ವ್ಯತ್ಯಾಸದ ಪಾಲು ದೊಡ್ಡದು.

ಅಣುಗಳ ಆಕಾರದ ಪಾಠ ಎಂದರೆ ಹಳ್ಳಿಯ ಕನ್ನಡ ಮಾಧ್ಯಮದ ಶಾಲೆಯಿಂದ ಕಾಲೇಜಿಗೆ ಬಂದ ಮಕ್ಕಳಿಗೆ ಒಂದು ಬಗೆಯ ದಿಗಿಲು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಚೆನ್ನಾಗಿಯೇ ತೇರ್ಗಡೆಯಾದ ಹುಡುಗ ಇದ್ದಕ್ಕಿದ್ದಂತೆ ಲೀನಿಯರ್, ಬೆಂಟ್, ಟ್ರೈಗೋನಲ್ ಪ್ಲೇನಾರ್, ಟೆಟ್ರಹೆಡ್ರಲ್ ಎಂಬ ಶಬ್ದಗಳ ಪಟ್ಟಿ ಕಂಡು ಕಂಗಾಲಾಗುತ್ತಾನೆ. ದಾರಿ ಕಾಣದೆ ಉರು ಹೊಡೆಯಲು ತೊಡಗುತ್ತಾನೆ. ಉರು ಹೊಡೆದದ್ದು ಪರೀಕ್ಷೆಯ ಕೊಠಡಿಯಲ್ಲಿ ಅದಲುಬದಲಾಗುತ್ತದೆ. ‘ನಮ್ಮ ಹುಡುಗನಿಗೆ ಸೈನ್ಸ್ ಹತ್ತುವುದಿಲ್ಲ’ ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ನಿಜ ಹೇಳಬೇಕೆಂದರೆ ಈ ಪಾಠಕ್ಕೆ ಬೇಕಾದದ್ದು ಒಂದು ಸಣ್ಣ ಕಳೆಯುವ ಲೆಕ್ಕ, ಮತ್ತು ಕಣ್ಣ ಮುಂದೆ ಒಂದು ಮಾದರಿ. ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ.

ಮೊದಲು ಲೆಕ್ಕ

ಪ್ರತಿಯೊಂದು ಪರಮಾಣುವಿನ ಹೊರಕವಚದಲ್ಲಿ ಇಷ್ಟು ಎಲೆಕ್ಟ್ರಾನುಗಳು ಎಂದು ಉಂಟು. ಇಂಗಾಲಕ್ಕೆ 4, ಸಾರಜನಕಕ್ಕೆ 5, ಆಮ್ಲಜನಕಕ್ಕೆ 6, ಗಂಧಕಕ್ಕೂ 6. ಇದು ಒಂಬತ್ತು, ಹತ್ತನೆಯ ತರಗತಿಯ ಪಾಠ, ಹೊಸದೇನಲ್ಲ. ಪರಮಾಣುಗಳು ಸೇರಿ ಅಣುವಾಗುವಾಗ ನಡುವಿನ ಪರಮಾಣು ತನ್ನ ಎಲೆಕ್ಟ್ರಾನುಗಳಲ್ಲಿ ಕೆಲವನ್ನು ನೆರೆಯವರೊಡನೆ ಹಂಚಿಕೊಳ್ಳುತ್ತದೆ. ಜಲಜನಕದೊಂದಿಗೆ ಹಂಚಿಕೊಳ್ಳಲು ಅದು ತನ್ನ ಒಂದನ್ನು ತೊಡಗಿಸುತ್ತದೆ. ಆಮ್ಲಜನಕದೊಂದಿಗೆ ಜೋಡಿಬಂಧ ಕಟ್ಟಿಕೊಂಡರೆ ತನ್ನ ಎರಡನ್ನು ತೊಡಗಿಸುತ್ತದೆ.

ಈಗ ಇಂಗಾಲದ ಡೈ ಆಕ್ಸೈಡಿನ ಲೆಕ್ಕ. ಇಂಗಾಲದ ಬಳಿ ಇದ್ದದ್ದು 4. ಎರಡು ಆಮ್ಲಜನಕಗಳಿಗೆ ಎರಡೆರಡರಂತೆ ಖರ್ಚಾದದ್ದು 4. ಉಳಿಕೆ ಸೊನ್ನೆ. ಗಂಧಕದ ಡೈ ಆಕ್ಸೈಡಿನಲ್ಲಿ ಗಂಧಕದ ಬಳಿ ಇದ್ದದ್ದು 6. ಖರ್ಚು ಅದೇ 4. ಉಳಿಕೆ 2, ಅಂದರೆ ಒಂದು ಜೋಡಿ. ಯಾವ ಬಂಧದಲ್ಲೂ ಪಾಲ್ಗೊಳ್ಳದೆ ಗಂಧಕದ ಮೇಲೆಯೇ ಉಳಿದ ಇದಕ್ಕೆ ಒಂಟಿ ಜೋಡಿ ಎಂದು ಹೆಸರು. ಇಂಗ್ಲಿಷ್ ಪುಸ್ತಕದ ಲೋನ್ ಪೇರ್ ಇದೇ.

ಎಸ್ ಓ ಟು ಎಂಬ ಸೂತ್ರದಲ್ಲಿ ಈ ಒಂಟಿ ಜೋಡಿ ಕಾಣುವುದಿಲ್ಲ. ಅಣುವಿನ ಆಕಾರ ಹೇಳುವಾಗಲೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ; ಪರಮಾಣುಗಳು ಎಲ್ಲೆಲ್ಲಿವೆ ಎಂಬುದಷ್ಟೇ ಆಕಾರ. ಆದರೆ ಪರಮಾಣುಗಳನ್ನು ಎತ್ತ ತಳ್ಳಬೇಕು ಎಂಬುದರಲ್ಲಿ ಅದರ ಕೈವಾಡ ಪೂರ್ತಿ ಇದೆ. ಕಾಣದೆಯೇ ಕೆಲಸ ಮಾಡುವ ಈ ಜೋಡಿಯನ್ನು ಮರೆತವರೇ ಪರೀಕ್ಷೆಯಲ್ಲಿ ಎಡವುತ್ತಾರೆ.

ನಾಲ್ಕು ಎಳನೀರಿನ ಗುಟ್ಟು

ಎಲೆಕ್ಟ್ರಾನುಗಳೆಲ್ಲ ಋಣ ವಿದ್ಯುತ್ತು ಉಳ್ಳವು. ಒಂದನ್ನೊಂದು ಕಂಡರೆ ಆಗದು, ದೂರ ತಳ್ಳುತ್ತವೆ. ಆದ್ದರಿಂದ ನಡುವಿನ ಪರಮಾಣುವಿನ ಸುತ್ತ ಇರುವ ಎಲೆಕ್ಟ್ರಾನು ಗುಂಪುಗಳು ಎಷ್ಟು ಸಾಧ್ಯವೋ ಅಷ್ಟು ದೂರ ದೂರ ನಿಲ್ಲುತ್ತವೆ. ಆಕಾರದ ನಿಯಮವೆಲ್ಲ ಇಷ್ಟೇ. ಒಂಟಿ ಬಂಧವಾಗಲಿ, ಜೋಡಿಬಂಧವಾಗಲಿ, ಒಂದು ದಿಕ್ಕಿನಲ್ಲಿ ಇರುವುದನ್ನು ಒಂದೇ ಗುಂಪು ಎಂದು ಎಣಿಸಬೇಕು. ಒಂಟಿ ಜೋಡಿಯೂ ಒಂದು ಗುಂಪು.

ಗುಂಪು ಎರಡೇ ಇದ್ದರೆ ಅವು ಎದುರು ಬದುರು ನಿಲ್ಲುತ್ತವೆ. ಕೋನ 180 ಡಿಗ್ರಿ. ಇಂಗಾಲದ ಡೈ ಆಕ್ಸೈಡ್ ನೆಟ್ಟಗಿರುವುದು ಹೀಗೆ. ಗುಂಪು ಮೂರಾದರೆ ಒಂದೇ ಸಮತಲದಲ್ಲಿ 120 ಡಿಗ್ರಿಗೆ ಒಂದರಂತೆ ನಿಲ್ಲುತ್ತವೆ. ಗಂಧಕದ ಡೈ ಆಕ್ಸೈಡಿನಲ್ಲಿ ಎರಡು ಬಂಧ, ಒಂದು ಒಂಟಿ ಜೋಡಿ, ಒಟ್ಟು ಮೂರು. ತ್ರಿಕೋನದ ಒಂದು ಮೂಲೆಯನ್ನು ಒಂಟಿ ಜೋಡಿ ಹಿಡಿಯಿತು. ಉಳಿದೆರಡರಲ್ಲಿ ಆಮ್ಲಜನಕಗಳು ಕುಳಿತವು. ಒಂಟಿ ಜೋಡಿಯನ್ನು ಬಿಟ್ಟು ನೋಡಿದರೆ ಅಣು ಬಾಗಿ ಕಾಣುತ್ತದೆ. ಕೋನ ಸುಮಾರು 119 ಡಿಗ್ರಿ.

ಗುಂಪು ನಾಲ್ಕಾದಾಗ ಮಕ್ಕಳು ಮತ್ತೆ ತಪ್ಪುತ್ತಾರೆ. ನೋಟ್ ಪುಸ್ತಕದ ಹಾಳೆಯಲ್ಲಿ ಮೀಥೇನ್ ಅಣುವನ್ನು ಕೂಡಿಸುವ ಚಿಹ್ನೆಯಂತೆ ಬರೆದು, ಕೋನ 90 ಡಿಗ್ರಿ ಎಂದುಕೊಳ್ಳುತ್ತಾರೆ. ಹಾಳೆ ಚಪ್ಪಟೆ, ಅಣು ಚಪ್ಪಟೆಯಲ್ಲ. ಇದಕ್ಕೆ ಮದ್ದೂರಿನ ಎಳನೀರು ಮಾರುಕಟ್ಟೆಯ ಕಡೆ ಒಮ್ಮೆ ನೋಡಿದರೆ ಸಾಕು. ಒಂದೇ ಅಳತೆಯ ಮೂರು ದುಂಡನೆಯ ಎಳನೀರನ್ನು ಒಂದಕ್ಕೊಂದು ತಾಗಿಸಿ ನೆಲದ ಮೇಲಿಟ್ಟು, ನಾಲ್ಕನೆಯದನ್ನು ಅವುಗಳ ನಡುವಿನ ತಗ್ಗಿನ ಮೇಲೆ ಕೂರಿಸಬೇಕು. ನಾಲ್ಕೂ ಸೇರಿದ ಆ ರಾಶಿಯೇ ಚತುರ್ಮುಖಿ, ಪುಸ್ತಕದ ಟೆಟ್ರಹೆಡ್ರನ್. ನಾಲ್ಕು ಕಾಯಿಗಳ ನಡುವೆ ಉಳಿಯುವ ಪುಟ್ಟ ಪೊಳ್ಳು ಜಾಗದಲ್ಲಿ ಇಂಗಾಲವಿದೆ ಎಂದೂ ಒಂದೊಂದು ಕಾಯಿಯೂ ಒಂದೊಂದು ಜಲಜನಕ ಎಂದೂ ಎಣಿಸಿದರೆ ಅದೇ ಮೀಥೇನ್ ಅಣು. ನಡುವಿನಿಂದ ಯಾವ ಎರಡು ಕಾಯಿಗಳತ್ತ ಗೆರೆ ಎಳೆದರೂ ನಡುವಿನ ಕೋನ 109.5 ಡಿಗ್ರಿ. ಚಪ್ಪಟೆಯಾಗಿ ನಿಂತರೆ ಸಿಗುವ 90 ಡಿಗ್ರಿಗಿಂತ ಇದು ಹೆಚ್ಚು. ತಳ್ಳಾಡುವ ಎಲೆಕ್ಟ್ರಾನುಗಳು ಹೆಚ್ಚು ಎಡೆ ಸಿಗುವ ಕಡೆಗೇ ಹೋಗುವುದು ಸಹಜವಲ್ಲವೇ?

ಒಂದೇ ಗೂಟದ ಹಸು

ಮೀಥೇನ್, ಅಮೋನಿಯಾ, ನೀರು, ಈ ಮೂರರಲ್ಲೂ ನಡುವಿನ ಪರಮಾಣುವಿನ ಸುತ್ತ ಇರುವುದು ನಾಲ್ಕೇ ಗುಂಪು. ಆದರೆ ಉಳಿಕೆ ಬೇರೆ ಬೇರೆ.

ಮೀಥೇನಿನಲ್ಲಿ ಇಂಗಾಲದ 4ರಲ್ಲಿ ನಾಲ್ಕೂ ಖರ್ಚು. ಉಳಿಕೆ ಇಲ್ಲ. ಪೂರ್ಣ ಚತುರ್ಮುಖಿ, 109.5 ಡಿಗ್ರಿ.

ಅಮೋನಿಯಾದಲ್ಲಿ ಸಾರಜನಕದ 5ರಲ್ಲಿ 3 ಖರ್ಚು, ಉಳಿಕೆ 2. ಒಂದು ಒಂಟಿ ಜೋಡಿ. ನಾಲ್ಕು ಮೂಲೆಗಳಲ್ಲಿ ಒಂದನ್ನು ಅದು ಹಿಡಿದದ್ದರಿಂದ ಉಳಿದ ಮೂರು ಜಲಜನಕಗಳು ಮುಕ್ಕಾಲಿಯ ಕಾಲುಗಳಂತೆ ಕೆಳಗೆ ಚಾಚಿಕೊಂಡಿವೆ. ಪುಸ್ತಕದಲ್ಲಿ ಇದಕ್ಕೆ ಪಿರಮಿಡ್ ಆಕಾರ ಎಂದಿದೆ. ಕೋನ ಸುಮಾರು 107 ಡಿಗ್ರಿ.

ನೀರಿನಲ್ಲಿ ಆಮ್ಲಜನಕದ 6ರಲ್ಲಿ 2 ಖರ್ಚು, ಉಳಿಕೆ 4. ಎರಡು ಒಂಟಿ ಜೋಡಿಗಳು ಎರಡು ಮೂಲೆ ಹಿಡಿದವು. ಉಳಿದೆರಡು ಮೂಲೆಗಳಲ್ಲಿ ಜಲಜನಕ. ಅಣು ಬಾಗಿದೆ, ಕೋನ 104.5 ಡಿಗ್ರಿ.

ಒಂಟಿ ಜೋಡಿ ಹೆಚ್ಚಿದಂತೆ ಕೋನ 109.5ರಿಂದ 107ಕ್ಕೆ, ಅಲ್ಲಿಂದ 104.5ಕ್ಕೆ ಇಳಿದದ್ದು ಏಕೆ? ಎರಡು ಗೂಟಗಳ ನಡುವೆ ಕಟ್ಟಿದ ಹಸು ಹೆಚ್ಚು ಅಲೆದಾಡಲಾರದು. ಒಂದೇ ಗೂಟಕ್ಕೆ ಕಟ್ಟಿದ ಹಸು ಸುತ್ತಲೂ ತಿರುಗಿ ಮೇಯುತ್ತದೆ. ಬಂಧದಲ್ಲಿರುವ ಜೋಡಿಯನ್ನು ಎರಡು ಪರಮಾಣುಗಳ ಬೀಜಕೇಂದ್ರಗಳು ಎರಡು ಕಡೆಯಿಂದ ಹಿಡಿದಿರುತ್ತವೆ. ಒಂಟಿ ಜೋಡಿಗೆ ಒಂದೇ ಗೂಟ. ಅದು ಹರಡಿಕೊಂಡು ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ, ನೆರೆಯ ಬಂಧಗಳನ್ನು ಒತ್ತಿ ಹತ್ತಿರ ತರುತ್ತದೆ. ಇಷ್ಟು ತಿಳಿದರೆ ಆ ಮೂರು ಅಂಕಿಗಳು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ.

ಒಂದು ಯೂರಿಯಾ ಕಾಳು, ಎರಡು ಆಕಾರ

ಇನ್ನು ಗದ್ದೆಯ ಕಡೆಗೆ ಬರಬಹುದು. ಮಳವಳ್ಳಿಯ ನಾಲಾ ಬಯಲಿನಲ್ಲಿ ಬತ್ತಕ್ಕೆ ಎರಚುವ ಯೂರಿಯಾ ನೀರಿನೊಡನೆ ಸೇರಿ ಒಡೆದಾಗ ಅದರ ಒಂದು ಅಣುವಿನಿಂದ ಎರಡು ಅಮೋನಿಯಾ ಮತ್ತು ಒಂದು ಇಂಗಾಲದ ಡೈ ಆಕ್ಸೈಡ್ ಅಣು ಹೊರಬರುತ್ತವೆ. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಈ ಕೆಲಸ ಮಾಡಿಸುತ್ತದೆ. ನೆಟ್ಟಗಿನ ಅಣು, ಮುಕ್ಕಾಲಿಯಂಥ ಅಣು ಎರಡೂ ಒಂದೇ ಕಾಳಿನಿಂದ!

ಅಮೋನಿಯಾದ ಒಂಟಿ ಜೋಡಿ ಇಲ್ಲಿ ರೈತನ ಜೇಬಿಗೆ ಸಂಬಂಧಿಸಿದ ಕೆಲಸ ಮಾಡುತ್ತದೆ. ಆ ಜೋಡಿಗೆ ಒಂದು ಜಲಜನಕ ಅಯಾನು ಅಂಟಿಕೊಂಡರೆ ಅಮೋನಿಯಾ ಹೋಗಿ ಅಮೋನಿಯಂ ಆಗುತ್ತದೆ. ಒಂಟಿ ಜೋಡಿ ಈಗ ಬಂಧವಾಯಿತು, ನಾಲ್ಕನೆಯ ಮೂಲೆಗೂ ಜಲಜನಕ ಬಂತು. ಮುಕ್ಕಾಲಿ ಪೂರ್ಣ ಚತುರ್ಮುಖಿಯಾಗಿ ಕೋನ ಮತ್ತೆ 109.5ಕ್ಕೆ ಏರಿತು. ಧನ ವಿದ್ಯುತ್ತು ಪಡೆದ ಈ ಅಮೋನಿಯಂ ಅನ್ನು ಋಣ ವಿದ್ಯುತ್ತುಳ್ಳ ಜೇಡಿಮಣ್ಣಿನ ಕಣಗಳು ಹಿಡಿದಿಟ್ಟುಕೊಳ್ಳುತ್ತವೆ, ಪೈರಿನ ಬೇರಿಗೆ ಸಿಗುತ್ತದೆ. ಹಾಗೆ ಆಗದೆ ಅಮೋನಿಯಾ ಅನಿಲವಾಗಿಯೇ ಉಳಿದರೆ ಗಾಳಿಗೆ ಹಾರಿಹೋಗುತ್ತದೆ. ಗೊಬ್ಬರಕ್ಕೆ ಕೊಟ್ಟ ಹಣವೂ ಜೊತೆಗೆ ಹಾರಿಹೋದಂತೆ. ಯೂರಿಯಾವನ್ನು ಮೇಲೆ ಮೇಲೆ ಎರಚಿ ಬಿಡದೆ ಕೆಸರಿನಲ್ಲಿ ಬೆರೆಸಬೇಕು ಎಂದು ಕೃಷಿ ಇಲಾಖೆಯವರು ಹೇಳುವುದು ಇದಕ್ಕೇ. ಸಾರಜನಕದ ನಷ್ಟ ತಗ್ಗಿಸಲೆಂದು ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯವಾದದ್ದು 2015ರಲ್ಲಿ.

ಅದೇ ಗದ್ದೆಯ ಕೆಸರಿನಲ್ಲಿ ಕಾಲಿಟ್ಟಾಗ ಬುಳುಬುಳು ಗುಳ್ಳೆ ಏಳುವುದನ್ನು ಎಲ್ಲರೂ ಕಂಡಿದ್ದಾರೆ. ಅದರಲ್ಲಿ ಮೀಥೇನ್ ಇರುತ್ತದೆ. ಗೋಬರ್ ಗ್ಯಾಸಿನ ಮುಖ್ಯ ಭಾಗವೂ ಅದೇ. ನಾಲ್ಕು ಕಡೆಯೂ ಒಂದೇ ತೆರನಾಗಿರುವ ಈ ಅಣುವಿನಲ್ಲಿ ನೀರು ಹಿಡಿದುಕೊಳ್ಳಲು ಒಂದು ತುದಿಯೂ ಇಲ್ಲ. ಹೀಗಾಗಿ ಅದು ಸಗಣಿ ರಾಡಿಯಲ್ಲಿ ಕರಗಿ ಕೂರದೆ ಮೇಲೆದ್ದು ಒಲೆಗೆ ಬರುತ್ತದೆ.

ಹಗ್ಗಜಗ್ಗಾಟದ ನ್ಯಾಯ

ಆಕಾರಕ್ಕೂ ಕರಗುವಿಕೆಗೂ ಇರುವ ನಂಟನ್ನು ಹಗ್ಗಜಗ್ಗಾಟದಿಂದ ತಿಳಿಯಬಹುದು. ಆಮ್ಲಜನಕ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆಯುವುದರಲ್ಲಿ ಗಟ್ಟಿಗ. ಇಂಗಾಲದ ಡೈ ಆಕ್ಸೈಡಿನಲ್ಲಿ ಎರಡು ಆಮ್ಲಜನಕಗಳು ಎದುರು ಬದುರು ನಿಂತು ಸಮನಾಗಿ ಎಳೆಯುತ್ತವೆ. ಹಗ್ಗ ಅಲುಗುವುದಿಲ್ಲ, ಒಟ್ಟು ಎಳೆತ ಸೊನ್ನೆ. ಗಂಧಕದ ಡೈ ಆಕ್ಸೈಡ್ ಬಾಗಿರುವುದರಿಂದ ಇಬ್ಬರೂ ಹೆಚ್ಚುಕಡಿಮೆ ಒಂದೇ ಪಕ್ಕಕ್ಕೆ ಎಳೆದಂತಾಗುತ್ತದೆ. ಅಣುವಿನ ಒಂದು ಪಕ್ಕಕ್ಕೆ ಸ್ವಲ್ಪ ಋಣ, ಇನ್ನೊಂದು ಪಕ್ಕಕ್ಕೆ ಸ್ವಲ್ಪ ಧನ. ಇಂಥ ಅಣುವಿಗೆ ಧ್ರುವೀಯ ಅಣು ಎಂದು ಹೆಸರು. ನೀರಿನ ಅಣುವೂ ಬಾಗಿದ ಧ್ರುವೀಯ ಅಣುವೇ. ಎರಡೂ ಒಂದನ್ನೊಂದು ಸುಲಭವಾಗಿ ಹಿಡಿಯುತ್ತವೆ.

ಅಂಕಿಗಳನ್ನೇ ನೋಡಬಹುದು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸಾಮಾನ್ಯ ಒತ್ತಡದಲ್ಲಿ, ಒಂದು ಲೀಟರ್ ನೀರಿನಲ್ಲಿ ಕರಗುವ ಮೀಥೇನ್ ಸುಮಾರು 30 ಮಿಲಿಲೀಟರ್. ಇಂಗಾಲದ ಡೈ ಆಕ್ಸೈಡ್ ಒಂದು ಲೀಟರಿಗಿಂತ ಸ್ವಲ್ಪ ಕಡಿಮೆ. ಗಂಧಕದ ಡೈ ಆಕ್ಸೈಡ್ ಸುಮಾರು 39 ಲೀಟರ್. ಅಮೋನಿಯಾ ಸುಮಾರು 700 ಲೀಟರ್! ಇದಕ್ಕೆಲ್ಲ ಆಕಾರವೊಂದೇ ಕಾರಣವಲ್ಲ. ಅನಿಲ ನೀರಿನೊಡನೆ ಎಷ್ಟು ವರ್ತಿಸುತ್ತದೆ ಎಂಬುದೂ ಸೇರುತ್ತದೆ. ಆದರೂ ಅಂಕಿಗಳು ಏರಿದ ದಾರಿ ಕಣ್ಣಿಗೆ ಕಟ್ಟುವಂತಿದೆ.

ಕಾರ್ಖಾನೆಯ ಕೆಮ್ಮಿಗೆ ಈಗ ಉತ್ತರ ಸಿಕ್ಕಿತು. ಕಣ್ಣು, ಮೂಗು, ಗಂಟಲು ಸದಾ ತೇವವಾಗಿರುತ್ತವೆ. ಗಂಧಕದ ಡೈ ಆಕ್ಸೈಡ್ ಆ ತೇವದಲ್ಲಿ ತಟ್ಟನೆ ಕರಗಿ ಆಮ್ಲವಾಗಿ ಉರಿಸುತ್ತದೆ. ಕಬ್ಬಿನ ಹಾಲಿನಲ್ಲಿ ಅದು ಉಪಯೋಗಕ್ಕೆ ಬರುವುದೂ ಈ ಗುಣದಿಂದಲೇ. ಸುಣ್ಣ ಬೆರೆಸಿದ ಕಬ್ಬಿನ ಹಾಲಿಗೆ ಈ ಅನಿಲವನ್ನು ಹಾಯಿಸಿದರೆ ಅದು ಕರಗಿ, ಸುಣ್ಣದೊಡನೆ ಸೇರಿ ಕ್ಯಾಲ್ಸಿಯಂ ಸಲ್ಫೈಟ್ ಎಂಬ ಗಷ್ಟಾಗಿ, ಕೊಳೆಯನ್ನೂ ಬಣ್ಣವನ್ನೂ ಸೆಳೆದುಕೊಂಡು ತಳಕ್ಕಿಳಿಯುತ್ತದೆ. ನಮ್ಮ ದೇಶದ ಬಹುಪಾಲು ಕಾರ್ಖಾನೆಗಳು ಬಿಳಿ ಸಕ್ಕರೆ ಮಾಡುವುದು ಈ ವಿಧಾನದಿಂದ.

ಇಂಗಾಲದ ಡೈ ಆಕ್ಸೈಡ್ ಕೆಮ್ಮಿಸುವುದಿಲ್ಲ ಎಂದ ಮಾತ್ರಕ್ಕೆ ನಿರಪಾಯ ಎಂದು ತಿಳಿಯಬಾರದು. ಗಾಳಿಗಿಂತ ಭಾರವಾದ ಅದು ಹಾಳು ಬಾವಿ, ಮುಚ್ಚಿದ ಗುಂಡಿಗಳ ತಳದಲ್ಲಿ ತುಂಬಿಕೊಂಡು ಸುಳಿವೇ ಕೊಡದೆ ಇಳಿದವರ ಪ್ರಾಣ ತೆಗೆಯಬಲ್ಲದು. ಪರೀಕ್ಷಿಸದೆ, ಗಾಳಿಯಾಡಿಸದೆ ಅಂಥ ಕಡೆ ಯಾರೂ ಇಳಿಯಬಾರದು.

ನೀರು ನೆಟ್ಟಗಿದ್ದಿದ್ದರೆ?

ಮೀಥೇನಿನ ಅಣುತೂಕ 16, ಅಮೋನಿಯಾದ್ದು 17, ನೀರಿನದು 18. ತಕ್ಕಡಿಯಲ್ಲಿ ಮೂರೂ ಹತ್ತಿರ ಹತ್ತಿರ. ಆದರೆ ಮೀಥೇನ್ ಕುದಿಯುವುದು ಸೊನ್ನೆಗಿಂತ 161 ಡಿಗ್ರಿ ಕೆಳಗೆ, ಅಮೋನಿಯಾ ಸೊನ್ನೆಗಿಂತ 33 ಡಿಗ್ರಿ ಕೆಳಗೆ, ನೀರು ಮಾತ್ರ ಸೊನ್ನೆಗಿಂತ 100 ಡಿಗ್ರಿ ಮೇಲೆ. ನೀರಿನ ಎರಡು ಜಲಜನಕಗಳು ಒಂದು ಪಕ್ಕ, ಎರಡು ಒಂಟಿ ಜೋಡಿಗಳು ಇನ್ನೊಂದು ಪಕ್ಕ. ಒಂದು ಅಣುವಿನ ಜಲಜನಕ ಇನ್ನೊಂದು ಅಣುವಿನ ಒಂಟಿ ಜೋಡಿಯತ್ತ ವಾಲುತ್ತದೆ. ಹೀಗೆ ಕೈ ಕೈ ಹಿಡಿದ ಅಣುಗಳನ್ನು ಬಿಡಿಸಿ ಆವಿ ಮಾಡಲು ಹೆಚ್ಚು ಶಾಖ ಬೇಕು. ಇದೇ ಜಲಜನಕ ಬಂಧ.

ನೀರಿನ ಅಣು ನೆಟ್ಟಗಿದ್ದು ಎರಡೂ ಎಳೆತ ಒಂದನ್ನೊಂದು ಕಳೆದುಹಾಕಿದ್ದರೆ ಈ ಹಿಡಿತ ಈಗಿನಂತೆ ಇರುತ್ತಿರಲಿಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ಧುಮುಕಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋದದ್ದು ನಮ್ಮ ನಾಡಿನ ಹೆಮ್ಮೆಯ ಸಂಗತಿ. ಆ ನದಿ ನದಿಯಾಗಿ ಹರಿಯುವುದರ ಹಿಂದೆ ಅಣುವಿನ ಈ ಪುಟ್ಟ ಬಾಗು ಇದೆ.

ಎಳನೀರಿನ ಸಿಹಿಯೂ ಹಾಗೆಯೇ. ಸಕ್ಕರೆಯನ್ನೂ ಪೊಟ್ಯಾಸಿಯಂ ಲವಣವನ್ನೂ ನೀರು ತನ್ನ ಧನ, ಋಣ ತುದಿಗಳಿಂದ ಹಿಡಿದು ಕರಗಿಸಿಕೊಂಡಿದೆ. ಅದೇ ಕಾಯಿ ಬಲಿತ ಮೇಲೆ ತಿರುಳಿನಲ್ಲಿ ತುಂಬುವ ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಎಣ್ಣೆಯ ಅಣುವಿನ ಉದ್ದುದ್ದ ಬಾಲಗಳಲ್ಲಿ ಮೀಥೇನಿನಂತೆಯೇ ಇಂಗಾಲ, ಜಲಜನಕ. ಹಿಡಿಯಲು ನೀರಿಗೆ ತುದಿ ಸಿಗುವುದಿಲ್ಲ.

ಕಣ್ಣಿಗೆ ಕಾಣದ್ದನ್ನು ತಿಳಿದದ್ದು ಹೇಗೆ?

ಇಂಗಾಲದ ಸುತ್ತ ಚತುರ್ಮುಖಿ ಇದೆ ಎಂದು 1874ರಲ್ಲಿ ಹೇಳಿದವರು ಇಬ್ಬರು: ಹಾಲೆಂಡಿನ ವಾಂಟ್ ಹಾಫ್, ಫ್ರಾನ್ಸಿನ ಲ ಬೆಲ್. ವಾಂಟ್ ಹಾಫ್‌ಗೆ ಆಗ 22 ವರ್ಷ. ರಟ್ಟಿನಿಂದ ಪುಟ್ಟ ಚತುರ್ಮುಖಿಗಳನ್ನು ಮಾಡಿ ಬೇರೆ ವಿಜ್ಞಾನಿಗಳಿಗೆ ಕಳುಹಿಸಿದ. ಮುಂದೆ ಅವನು ಪಶುವೈದ್ಯ ಶಾಲೆಯಲ್ಲಿ ಕೆಲಸಕ್ಕಿದ್ದಾಗ, ಜರ್ಮನಿಯ ಹಿರಿಯ ರಸಾಯನಶಾಸ್ತ್ರಜ್ಞ ಕೋಲ್ಬೆ ಇದೆಲ್ಲ ಬರಿಯ ಕಲ್ಪನೆ ಎಂದು 1877ರಲ್ಲಿ ಕಟುವಾಗಿ ಗೇಲಿ ಮಾಡಿದ. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಬೇರೆ ಸಂಶೋಧನೆಗಾಗಿ ಅದೇ ವಾಂಟ್ ಹಾಫ್‌ಗೆ ಬಂತು. ಎಲೆಕ್ಟ್ರಾನು ಜೋಡಿಗಳ ಎಣಿಕೆಯಿಂದ ಆಕಾರ ಹೇಳಬಹುದೆಂದು 1940ರಲ್ಲಿ ಸಿಜ್‌ವಿಕ್ ಮತ್ತು ಪೊವೆಲ್ ತೋರಿಸಿದರು. ಅದನ್ನು 1957ರಲ್ಲಿ ಗಿಲೆಸ್ಪಿ ಮತ್ತು ನೈಹೋಮ್ ಅಚ್ಚುಕಟ್ಟುಗೊಳಿಸಿದರು. ವಿದ್ಯಾರ್ಥಿಗಳು ‘ವೆಸ್ಪರ್’ ಎಂದು ಕರೆಯುವ ಸಿದ್ಧಾಂತ ಇದೇ.

ಇದಕ್ಕೆ ಸಾಕ್ಷಿ ಒದಗಿಸಿದ ದಾರಿಗಳಲ್ಲಿ ಒಂದು ನಮ್ಮವರದು. 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದ ಪರಿಣಾಮದಿಂದ ಅಣುಗಳು ಹೇಗೆ ಕಂಪಿಸುತ್ತವೆ ಎಂದು ತಿಳಿಯಬಹುದು. ಇಂಗಾಲದ ಡೈ ಆಕ್ಸೈಡಿನ ಎರಡು ಆಮ್ಲಜನಕಗಳು ಒಟ್ಟಿಗೆ ಹೊರಗೆ, ಒಟ್ಟಿಗೆ ಒಳಗೆ ಆಡುವ ಕಂಪನ ರಾಮನ್ ರೋಹಿತದಲ್ಲಿ ಕಾಣುತ್ತದೆ, ಅವಕೆಂಪು ರೋಹಿತದಲ್ಲಿ ಕಾಣುವುದಿಲ್ಲ. ಎರಡು ಪಕ್ಕವೂ ಸರಿಸಮವಾಗಿ ನೆಟ್ಟಗಿರುವ ಅಣುವಿನ ಗುರುತು ಇದು. ಗಂಧಕದ ಡೈ ಆಕ್ಸೈಡಿನ ಮೂರು ಕಂಪನಗಳೂ ಎರಡೂ ರೋಹಿತಗಳಲ್ಲಿ ಕಾಣುತ್ತವೆ. ಅದು ಬಾಗಿದ ಅಣುವಿನ ಗುರುತು. ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದದ್ದು 1933ರಲ್ಲಿ. ಮಂಡ್ಯದ ಮೈಷುಗರ್ ಕಂಪನಿ ಸ್ಥಾಪನೆಯಾದದ್ದೂ ಅದೇ ವರ್ಷ!

ನಿಯಮಕ್ಕೂ ಒಂದು ಗಡಿ ಉಂಟು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ನೀರಿನಂತೆಯೇ ಬಾಗಿದ ಅಣು. ಲೆಕ್ಕ ಅಷ್ಟನ್ನು ಸರಿಯಾಗಿ ಹೇಳುತ್ತದೆ. ಆದರೆ ಅದರ ಕೋನ 92 ಡಿಗ್ರಿ; ಅಷ್ಟು ಕಿರಿದಾಗಿದೆ ಎಂದು ಈ ಲೆಕ್ಕ ಹೇಳಲಾರದು. ಆಕಾರಕ್ಕೆ ಎಣಿಕೆ ಸಾಕು, ನಿಖರ ಕೋನಕ್ಕೆ ಪ್ರಯೋಗವೇ ಬೇಕು.

ತಂದೆ ತಾಯಿಗಳಿಗೆ

ಮಗ ಅಥವಾ ಮಗಳು ರಸಾಯನಶಾಸ್ತ್ರ ಕಷ್ಟವೆಂದಾಗ ಕಬ್ಬಿನ ಹಣದಲ್ಲಿ ಇನ್ನೊಂದು ಟ್ಯೂಷನ್ ಸೇರಿಸುವ ಮೊದಲು ಒಂದು ಕೆಲಸ ಮಾಡಬಹುದು. ಜಾತ್ರೆಯಲ್ಲಿ ಸಿಗುವ ಬೆಲೂನುಗಳನ್ನು ಒಂದೇ ಅಳತೆಗೆ ಊದಿ, ಬಾಯಿಗಳನ್ನು ಒಟ್ಟಿಗೆ ಬಿಗಿಯಾಗಿ ಕಟ್ಟಿಸಬೇಕು. ಎರಡು ಕಟ್ಟಿದರೆ ಎದುರು ಬದುರು ನಿಲ್ಲುತ್ತವೆ. ಮೂರು ಕಟ್ಟಿದರೆ ತ್ರಿಕೋನ. ನಾಲ್ಕು ಕಟ್ಟಿದರೆ ಯಾರೂ ಹೇಳಿಕೊಡದೆ ತಾವೇ ಚತುರ್ಮುಖಿಯಾಗುತ್ತವೆ. ಬೆಲೂನು ಇಲ್ಲದಿದ್ದರೆ ಜೇಡಿಮಣ್ಣಿನ ಉಂಡೆ, ಪೊರಕೆ ಕಡ್ಡಿ ಸಾಕು.

ಇಷ್ಟರ ಮೇಲೆ ಇಂಗ್ಲಿಷ್ ಹೆಸರುಗಳು ಹೆದರಿಸುವುದಿಲ್ಲ. ಲೀನಿಯರ್ ಎಂದರೆ ನೆಟ್ಟಗೆ, ಬೆಂಟ್ ಎಂದರೆ ಬಾಗಿದ್ದು, ಟ್ರೈಗೋನಲ್ ಪ್ಲೇನಾರ್ ಎಂದರೆ ಚಪ್ಪಟೆ ತ್ರಿಕೋನ, ಪಿರಮಿಡಲ್ ಎಂದರೆ ಮುಕ್ಕಾಲಿ, ಟೆಟ್ರಹೆಡ್ರಲ್ ಎಂದರೆ ನಾಲ್ಕು ಎಳನೀರಿನ ರಾಶಿ. ವಸ್ತು ಗೊತ್ತಿದ್ದವರಿಗೆ ಹೆಸರು ಕಲಿಯುವುದು ಒಂದು ಸಂಜೆಯ ಕೆಲಸ. ಕನ್ನಡದಲ್ಲಿ ಓದಿ ಬಂದದ್ದು ಇಲ್ಲಿ ಕೊರತೆಯೇ ಅಲ್ಲ. ಎಣಿಸುವುದಕ್ಕೂ ಕಳೆಯುವುದಕ್ಕೂ ಎಲ್ಲ ಭಾಷೆಯೂ ಒಂದೇ.

ಈ ವಾರದ ಲೆಕ್ಕ

ವಿಧಾನ ಹೀಗೆ: ನಡುವಿನ ಪರಮಾಣುವಿನ ಹೊರ ಎಲೆಕ್ಟ್ರಾನುಗಳನ್ನು ಬರೆಯಿರಿ. ಪ್ರತಿ ಜಲಜನಕ, ಕ್ಲೋರಿನ್, ಫ್ಲೋರಿನ್‌ಗೆ ಒಂದೊಂದು, ಪ್ರತಿ ಆಮ್ಲಜನಕ, ಗಂಧಕಕ್ಕೆ ಎರಡೆರಡು ಕಳೆಯಿರಿ. ಉಳಿದದ್ದನ್ನು ಎರಡರಿಂದ ಭಾಗಿಸಿದರೆ ಒಂಟಿ ಜೋಡಿಗಳು. ಅವನ್ನು ನೆರೆಯ ಪರಮಾಣುಗಳ ಸಂಖ್ಯೆಗೆ ಕೂಡಿಸಿದರೆ ಒಟ್ಟು ಗುಂಪುಗಳು. ಗುಂಪುಗಳನ್ನು ದೂರ ದೂರ ನಿಲ್ಲಿಸಿ, ಕೊನೆಗೆ ಒಂಟಿ ಜೋಡಿಯನ್ನು ಬಿಟ್ಟು ಆಕಾರ ಹೇಳಿರಿ.

1. ಇಂಗಾಲದ ಡೈ ಸಲ್ಫೈಡ್ (ಒಂದು ಇಂಗಾಲ, ಎರಡು ಗಂಧಕ)
2. ಬೋರಾನ್ ಟ್ರೈ ಫ್ಲೋರೈಡ್ (ಬೋರಾನಿನ ಹೊರ ಎಲೆಕ್ಟ್ರಾನು 3)
3. ಫಾಸ್ಫೀನ್ (ಒಂದು ರಂಜಕ, ಮೂರು ಜಲಜನಕ, ರಂಜಕದ ಹೊರ ಎಲೆಕ್ಟ್ರಾನು 5)
4. ಗಂಧಕದ ಟ್ರೈ ಆಕ್ಸೈಡ್

ಉತ್ತರ: 1. ಉಳಿಕೆ ಸೊನ್ನೆ, ನೆಟ್ಟಗಿದೆ. 2. ಉಳಿಕೆ ಸೊನ್ನೆ, ಚಪ್ಪಟೆ ತ್ರಿಕೋನ. 3. ಒಂದು ಒಂಟಿ ಜೋಡಿ, ಅಮೋನಿಯಾದಂತೆ ಮುಕ್ಕಾಲಿ. 4. ಆರಕ್ಕೆ ಆರೂ ಖರ್ಚು, ಒಂಟಿ ಜೋಡಿ ಇಲ್ಲ. ಬಾಗಿದ್ದ ಗಂಧಕದ ಡೈ ಆಕ್ಸೈಡಿಗೆ ಇನ್ನೊಂದು ಆಮ್ಲಜನಕ ಸೇರಿದರೆ ಚಪ್ಪಟೆ ತ್ರಿಕೋನ.